ಬರೆದದ್ದನ್ನು ಇನ್ನೊಬ್ಬರು ಬಳಸಿ ನೋಡಬೇಕು

ಪದವಿ ವಿದ್ಯಾರ್ಥಿಗಳಿಗೆ ತಾಂತ್ರಿಕ ಮತ್ತು ವ್ಯವಹಾರ ಬರವಣಿಗೆಯನ್ನು ಉಪನ್ಯಾಸಗಳಿಗಿಂತ ಪ್ರಾಯೋಗಿಕ ಕೆಲಸಗಳ ಮೂಲಕವೇ ಕಲಿಸಬೇಕೆಂದು ನಾನು ಓದಿದ ಲೇಖನವೊಂದು ಮಂಡಿಸಿದ ವಾದವನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆ ಕೆಲಸಗಳಿಗೆ ಅಧ್ಯಾಪಕರಲ್ಲದ ಓದುಗರೊಬ್ಬರು ಇರಲೇಬೇಕು ಎಂದು ಸೇರಿಸಲು ಬಯಸುತ್ತೇನೆ. ನನ್ನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರಿಂಟರಿನ ಕಾರ್ಟ್ರಿಜ್ ಬದಲಿಸುವ ವಿಧಾನವನ್ನು ಬರೆದಿದ್ದಳು. ವ್ಯಾಕರಣದ ಒಂದು ತಪ್ಪೂ ಇರಲಿಲ್ಲ. ಅದನ್ನು ಓದುತ್ತಾ ಕೆಲಸಕ್ಕಿಳಿದ ಸಹಪಾಠಿ ಮೂರನೆಯ ಹಂತದಲ್ಲಿ ಕಾರ್ಟ್ರಿಜ್ ಕೂರಿಸಿ ಮುಗಿಸಿದ್ದ. ಅದರ ಮೇಲಿನ ಅಂಟುಪಟ್ಟಿಯನ್ನು ಮೊದಲೇ ತೆಗೆದಿರಬೇಕೆಂಬ ಸೂಚನೆ ಐದನೆಯ ಹಂತದಲ್ಲಿತ್ತು. ಪಕ್ಕದಲ್ಲಿ ಮೌನವಾಗಿ ನಿಂತು ನೋಡಿದ ಅವಳು ಅಂದು ಸಂಜೆಯೇ ಇಡೀ ಪುಟವನ್ನು ತಿದ್ದಿ ಬರೆದಳು. ನಾನು ಕೆಂಪು ಶಾಯಿಯಲ್ಲಿ ಎಷ್ಟು ಗುರುತು ಹಾಕಿದ್ದರೂ ಅದು ಅಷ್ಟು ಮನದಟ್ಟಾಗುತ್ತಿರಲಿಲ್ಲ.

ಇ-ಮೇಲ್, ಸಭೆಯ ನಡಾವಳಿ ಮೊದಲಾದವು ಅಭ್ಯಾಸದಿಂದ ಬೇಗ ಕೈಗೆ ಹತ್ತುತ್ತವೆ. ಕಷ್ಟವಿರುವುದು ನಿರ್ಧಾರ ಕೈಗೊಳ್ಳುವವರಿಗೆ ಅಪಾಯವನ್ನು ತಿಳಿಸುವ ವರದಿಯಲ್ಲಿ. 1986ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ಉಡಾವಣೆಯ ಹಿಂದಿನ ರಾತ್ರಿ, ಚಳಿಯಲ್ಲಿ ಒ-ರಿಂಗ್‌ಗಳು (ರಾಕೆಟ್‌ನ ಜೋಡಣೆಗಳಿಂದ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಕೈಕೊಡಬಹುದೆಂದು ಎಂಜಿನಿಯರ್‌ಗಳು ಎಚ್ಚರಿಸಿದ್ದರೂ ಅವರು ಮುಂದಿಟ್ಟ ಅಂಕಿಅಂಶಗಳು ಉಡಾವಣೆಯನ್ನು ತಡೆಯಲಿಲ್ಲ. ಮರುದಿನ ಮೇಲೇರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಗಿ ಅದರಲ್ಲಿದ್ದ 7 ಮಂದಿಯೂ ಜೀವ ಕಳೆದುಕೊಂಡರು. (ಎಚ್ಚರಿಕೆಯನ್ನು ಬದಿಗೊತ್ತಿದ ಆಡಳಿತದ ಹೊಣೆಯನ್ನು ಇದು ಕಡಿಮೆ ಮಾಡುವುದಿಲ್ಲ.) ಅಂದಿನ ಮಾಹಿತಿಯನ್ನು ಕೊಟ್ಟು ಒಂದು ಪುಟದ ಟಿಪ್ಪಣಿ ಬರೆಯಲು ಹೇಳಿದಾಗ, ನನ್ನ ಬಹುತೇಕ ವಿದ್ಯಾರ್ಥಿಗಳು ‘ಉಡಾವಣೆ ಬೇಡ’ ಎಂಬ ಮಾತನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ. ಅದು ಮೊದಲ ಸಾಲಿಗೆ ಬರುವಷ್ಟರಲ್ಲಿ ಎರಡು ವಾರ ಹಿಡಿಯುತ್ತದೆ. ಆದ್ದರಿಂದ ತಿದ್ದಿ ಬರೆದ ಎರಡನೆಯ ಕರಡುಪ್ರತಿಗೂ ಅಂಕಗಳನ್ನು ಮೀಸಲಿಡಬೇಕು.