ನಯಾಗರಕ್ಕೂ ನಲ್ಲಿ ಐತೆ

ಮಾದರಿ ರೈತ, ಮಾದರಿ ಶಾಲೆ, ಮಾದರಿ ಗ್ರಾಮ ಎನ್ನುತ್ತಿದ್ದ ಕಾಲದಲ್ಲಿ 'ಮಾದರಿ' ಪದ ಮುಂದೆ ನಿಲ್ಲುತ್ತಿತ್ತು. ಈಗ ಹಿಂದಕ್ಕೆ ಸರಿದಿದೆ. ಸಿಂಗಾಪುರ ಮಾದರಿ, ಲಂಡನ್ ಐ ಮಾದರಿ, ಕಾಶಿ ಮಾದರಿ, ಡಿಸ್ನಿಲ್ಯಾಂಡ್ ಮಾದರಿ. ಪದ ಮುಂದಿದ್ದಾಗ ಬೇರೆ ಊರಿನವರು ನಮ್ಮದನ್ನು ನೋಡಲು ಬಸ್ಸು ಹತ್ತಿ ಬರುತ್ತಿದ್ದರು. ಹಿಂದೆ ಹೋದ ಮೇಲೆ ನಮ್ಮವರೇ ವಿಮಾನ ಹತ್ತುತ್ತಾರೆ. ಅದಕ್ಕೆ ಅಧ್ಯಯನ ಪ್ರವಾಸ ಎಂದು ಹೆಸರು.

ಕನ್ನಂಬಾಡಿಗೆ, ಅಂದರೆ ಕೆಆರ್‌ಎಸ್ ಡ್ಯಾಮಿಗೆ, ಈ 'ಮಾದರಿ' ಜೋರಾಗಿ ತಗುಲಿಕೊಂಡದ್ದು 2018ರಲ್ಲಿ. ಬೃಂದಾವನದ ಪಕ್ಕದಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, ಜೊತೆಗೆ 125 ಅಡಿಯ ಕಾವೇರಿ ಪ್ರತಿಮೆ ಎಂದು ಸರ್ಕಾರ ಘೋಷಿಸಿತು. ಮಂಡ್ಯದ ಜನ ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಡ್ಯಾಂ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಬಾಯಿಪಾಠ. ಆದ್ದರಿಂದ ಲೆಕ್ಕ ತಕ್ಷಣ ಹಾಕಿಬಿಟ್ಟರು. ಡ್ಯಾಂ ತುಂಬಿ ತುಳುಕಿದರೂ ಪ್ರತಿಮೆ ಅದಕ್ಕಿಂತ 0.20 ಅಡಿ, ಅಂದರೆ ಎರಡೂವರೆ ಇಂಚಿಗೆ ಒಂಚೂರು ಕಮ್ಮಿ, ಮೇಲಿರುತ್ತದೆ. ತಾಯಿಯ ಕಿರೀಟದ ತುದಿಯೊಂದು ಒಣಗಿರುವಂತೆ ನೋಡಿಕೊಂಡ ಎಂಜಿನಿಯರಿಂಗ್ ದೊಡ್ಡದು.

ಆಗ ನಾಲೆ ಏರಿಯ ಮೇಲೆ ಕೇಳಬಹುದಾಗಿದ್ದ ಪ್ರಶ್ನೆ ಒಂದೇ: "ಲ್ಯಾಂಡು ಬರೋದು ಸರಿ ಸಾ, ಯಾರ್ ಲ್ಯಾಂಡ್ ಹೋಯ್ತದೆ?"

2024ರಲ್ಲಿ ಹೆಸರು ಬದಲಾಯಿತು. ಡಿಸ್ನಿ ಹೋಗಿ 'ವಿಶ್ವದರ್ಜೆ' ಬಂತು. ಬೃಂದಾವನವನ್ನು ಆ ದರ್ಜೆಗೇರಿಸಲು 2,663 ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿತು. ಅದೇ ವರ್ಷದ ಜನವರಿಯಲ್ಲಿ ಹೈಕೋರ್ಟು, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವ ತನಕ ಸುತ್ತಲಿನ 20 ಕಿ.ಮೀ. ಒಳಗೆ ಕಲ್ಲು ಗಣಿಗಾರಿಕೆ ಬೇಡ ಎಂದು ಹೇಳಿತ್ತು. ಸಿಮೆಂಟಿಲ್ಲದೆ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ, ಹತ್ತಿರದಲ್ಲಿ ಸಿಡಿಮದ್ದು ಬೇಡ ಎಂಬ ಎಚ್ಚರಿಕೆ. ಡಿಸ್ನಿಲ್ಯಾಂಡಿನ ರಾತ್ರಿಯ ಮುಖ್ಯ ಆಕರ್ಷಣೆ ಏನು ಗೊತ್ತೇ? ಬಾಣಬಿರುಸು.

ಇರಲಿ. ಮಾದರಿ ಎಂದ ಮೇಲೆ ಮೂಲವನ್ನಾದರೂ ಸರಿಯಾಗಿ ತಿಳಿದುಕೊಳ್ಳೋಣ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 160 ಎಕರೆ ಕಿತ್ತಳೆ ತೋಟ ಕಡಿದು ಒಂದೇ ವರ್ಷದಲ್ಲಿ ಕಟ್ಟಿ, 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದರು. ಮೊದಲ ದಿನ ಖೋಟಾ ಪಾಸು ಹಿಡಿದು ಸಾವಿರಾರು ಜನ ನುಗ್ಗಿದರು. ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿ ಹಿಮ್ಮಡಿ ಹೂತುಕೊಂಡಿತು. ಇಷ್ಟರಮಟ್ಟಿಗೆ ನಮ್ಮ ಯಾವ ಉದ್ಘಾಟನೆಯೂ ಆ ಮಾದರಿಗೆ ಕಡಿಮೆಯಿಲ್ಲ. ಆದರೆ ಅದೇ ಹೊತ್ತಿಗೆ ಪ್ಲಂಬರುಗಳ ಮುಷ್ಕರವಾಗಿತ್ತು. ಕುಡಿಯುವ ನೀರಿನ ನಲ್ಲಿ ಅಥವಾ ಶೌಚಾಲಯ, ಎರಡರಲ್ಲಿ ಒಂದನ್ನು ಮಾತ್ರ ಸಮಯಕ್ಕೆ ಮುಗಿಸಬಹುದಿತ್ತು. ವಾಲ್ಟ್ ಡಿಸ್ನಿ ಶೌಚಾಲಯ ಮೊದಲು ಎಂದ. ನಮ್ಮಲ್ಲಿ ಇಂಥ ಧರ್ಮಸಂಕಟವೇ ಹುಟ್ಟುವುದಿಲ್ಲ. ಮೊದಲು ಆಗುವುದು ಸ್ವಾಗತ ಕಮಾನು. ಶೌಚಾಲಯವೂ ಇರುತ್ತದೆ, ಅದಕ್ಕೆ ಬೀಗವೂ ಇರುತ್ತದೆ, ಬೀಗದ ಕೈ ಇಟ್ಟುಕೊಂಡ ಅಣ್ಣ ಮಾತ್ರ ಊಟಕ್ಕೆ ಹೋಗಿರುತ್ತಾನೆ.

ನಯಾಗರಕ್ಕೆ ಬರೋಣ. ಎತ್ತರದಿಂದ ನೀರು ಬಿದ್ದ ಕಡೆಯೆಲ್ಲ 'ಭಾರತದ ನಯಾಗರ', 'ಕರ್ನಾಟಕದ ನಯಾಗರ' ಎಂದು ಬೋರ್ಡು ಬರೆಸುವ ಉತ್ಸಾಹಿಗಳಿಗೆ ಒಂದು ಗುಟ್ಟು ಹೇಳಬೇಕು. ನಯಾಗರಕ್ಕೂ ನಲ್ಲಿ ಐತೆ. ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡು, ಪ್ರವಾಸಿಗರ ಕಾಲದಲ್ಲಿ ಹಗಲು ಹೊತ್ತು ಜಲಪಾತಕ್ಕೆ ಕನಿಷ್ಠ 1 ಲಕ್ಷ ಕ್ಯುಸೆಕ್, ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಕ್ಯುಸೆಕ್ ಬಿಡಬೇಕೆಂದು ಬರೆದುಕೊಂಡವು. ಉಳಿದ ನೀರು ಸುರಂಗ, ಕಾಲುವೆಗಳಲ್ಲಿ ಕರೆಂಟು ಮಾಡಲು ಹೋಗುತ್ತದೆ. ಎರಡು ದೇಶ, ಒಂದು ನದಿ, ಕ್ಯುಸೆಕ್ ಲೆಕ್ಕ, ಕಾಗದದ ಮೇಲೆ ಸಹಿ. ಕಾವೇರಿ ಕಣಿವೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಬಸ್ಸಿಗೆ ಕಲ್ಲು ಬೀಳುವುದಿಲ್ಲ.

1969ರಲ್ಲಂತೂ ಅಮೆರಿಕದ ಸೇನೆಯ ಎಂಜಿನಿಯರುಗಳು ಅಡ್ಡಗಟ್ಟೆ ಹಾಕಿ, ತಮ್ಮ ಭಾಗದ ಜಲಪಾತವನ್ನು ತಿಂಗಳುಗಟ್ಟಲೆ ಒಣಗಿಸಿಬಿಟ್ಟರು. ಕೆಳಗೆ ಬಿದ್ದ ಬಂಡೆಗಳನ್ನು ತೆಗೆದರೆ ಜಲಪಾತ ಇನ್ನೂ ಚೆನ್ನಾಗಿ ಕಾಣಬಹುದೇ ಎಂದು ಪರೀಕ್ಷಿಸುವುದು ಉದ್ದೇಶ. ಕೊನೆಗೆ, ಇದ್ದ ಹಾಗೇ ಇರಲಿ ಎಂದು ಬಿಟ್ಟರು. ಒಣ ಜಲಪಾತ ನೋಡಲೂ ಜನ ಬಂದರಂತೆ. ಬೇಸಿಗೆಯಲ್ಲಿ ಶಿವನಸಮುದ್ರದ ಗಗನಚುಕ್ಕಿಗೆ ಹೋಗಿ ಬರೀ ಬಂಡೆ ನೋಡಿ ಬೈದುಕೊಂಡು ಬಂದವರು ತಮ್ಮನ್ನು ಅಂತರರಾಷ್ಟ್ರೀಯ ಪ್ರವಾಸಿಗರ ಸಾಲಿಗೆ ಸೇರಿಸಿಕೊಳ್ಳಬಹುದು.

ಅಂದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ ಯಾವ ಘೋಷಣೆಯೂ ಇಲ್ಲದೆ ನಯಾಗರ ಮಾದರಿಯೇ. 1902ರಲ್ಲೇ ಇಲ್ಲಿ ಜಲವಿದ್ಯುತ್ ತಯಾರಿಸಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದರು. ಮೇಲೆ ಡ್ಯಾಂ ತುಂಬಿದ ವರ್ಷ ಜಲಪಾತೋತ್ಸವ ನಡೆಯುತ್ತದೆ, ನೀರಿಗೆ ಕೆಂಪು, ಹಸಿರು, ನೀಲಿ ದೀಪ ಬಿಡುತ್ತಾರೆ. ನಯಾಗರದಲ್ಲೂ ರಾತ್ರಿ ಬಿಡುವುದು ಅದೇ ಬಣ್ಣದ ದೀಪ. ಅಧ್ಯಯನ ಪ್ರವಾಸಕ್ಕೆ ಮಳವಳ್ಳಿ ಬಸ್ಸೇ ಸಾಕಿತ್ತು, ಆದರೆ ಮಳವಳ್ಳಿ ಬಸ್ಸಿಗೆ ದಿನಭತ್ಯೆ ಎಷ್ಟು ಸಿಕ್ಕೀತು?

ಇನ್ನು ದೊಡ್ಡಕ್ಷರದ ಸೆಲ್ಫಿ ಪಾಯಿಂಟು. ಊರಿನ ಹೆಸರಿನ ಮುಂದೆ 'ಐ ಲವ್' ಸೇರಿಸಿ, ನಡುವೆ ಒಂದು ಕೆಂಪು ಹೃದಯ ಕೂರಿಸಿದ ಆಳೆತ್ತರದ ಅಕ್ಷರಗಳು ಈಗ ಹೋಬಳಿ ಮಟ್ಟಕ್ಕೂ ಇಳಿದಿವೆ. ಇಂಥ ದೊಡ್ಡಕ್ಷರಗಳಲ್ಲಿ ಜಗತ್ತಿನ ತುಂಬ ಹೆಸರು ಮಾಡಿದ್ದು ಆಮ್‌ಸ್ಟರ್‌ಡ್ಯಾಮಿನವು. 2004ರಲ್ಲಿ ಶುರುವಾದ ಪ್ರಚಾರದ 'ಐ ಆಮ್‌ಸ್ಟರ್‌ಡ್ಯಾಮ್' ಎಂಬ ಘೋಷವಾಕ್ಯ ಅದು. ಅಕ್ಷರ ಒಂದೊಂದೂ ಸುಮಾರು 2 ಮೀಟರ್ ಎತ್ತರ. ಅವುಗಳ ಮುಂದೆ ಜಾತ್ರೆ ವಿಪರೀತವಾಗಿ, ಊರವರಿಗೇ ಸಾಕಾಗಿ, ಮ್ಯೂಸಿಯಂ ಚೌಕದಿಂದ ಅಲ್ಲಿನ ನಗರಾಡಳಿತ ಅವನ್ನು ಕಿತ್ತು ಹಾಕಿದ್ದು 2018ರ ಡಿಸೆಂಬರಿನಲ್ಲಿ. ಹೌದು, ನಮ್ಮಲ್ಲಿ ಡಿಸ್ನಿಲ್ಯಾಂಡ್ ಘೋಷಣೆಯಾದ ಅದೇ ವರ್ಷ. ಅವರು ಔಷಧಿ ಕುಡಿದು ಗುಣವಾದ ಮೇಲೆ ನಾವು ಕಾಯಿಲೆಯನ್ನು ಟೆಂಡರ್ ಕರೆದು ತರಿಸಿಕೊಂಡೆವು.

ಆ ಅಕ್ಷರಗಳು ಹೇಗೆ ಕೆಡುತ್ತವೆ ಎಂಬುದು ಬಹಳ ಸ್ವಾರಸ್ಯದ ವಿದ್ಯೆ. ಒಳಗೆ ಕಬ್ಬಿಣದ ಚೌಕಟ್ಟು, ಮೇಲೆ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್) ಶೀಟು ಅಥವಾ ಫೈಬರ್ರು, ಅಂಚಿಗೆ ಎಲ್‌ಇಡಿ ಸ್ಟ್ರಿಪ್ಪು. ಶೀಟನ್ನು ಅಂಟಿನಲ್ಲಿ ಕೂರಿಸಿರುತ್ತಾರೆ. ಎರಡು ಬೇಸಿಗೆಯ ಬಿಸಿಲಿಗೆ ಅಂಟು ಒಣಗಿ ಅಂಚು ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಕಡೆ ಮಳೆ ನೀರು ಇಳಿಯುತ್ತದೆ. ಕರೆಂಟನ್ನು 12 ವೋಲ್ಟಿಗೆ ಇಳಿಸುವ ಸಣ್ಣ ಡಬ್ಬಿಯನ್ನು ಯಾರಿಗೂ ಕಾಣಬಾರದೆಂದು ಅಕ್ಷರದ ಬುಡದಲ್ಲೇ, ಅಂದರೆ ನೀರು ಬಂದು ನಿಲ್ಲುವ ಜಾಗದಲ್ಲೇ, ಇಟ್ಟಿರುತ್ತಾರೆ. ಅದನ್ನು ಒಂದು ಅಡಿ ಮೇಲಕ್ಕೆ ಕಟ್ಟಿದ್ದರೆ ಐದು ವರ್ಷ ಬರುತ್ತಿತ್ತು. ಆದರೆ ಹಾಗೆಂದು ಎಸ್ಟಿಮೇಟಿನಲ್ಲಿ ಬರೆದಿರುವುದಿಲ್ಲ. ಅಂಚು ಬಾಯಿ ಬಿಟ್ಟ ಮೇಲಿನ ಮೊದಲ ಮುಂಗಾರಿಗೆ ಒಂದು ಡಬ್ಬಿ ಸುಡುತ್ತದೆ, ಅದರ ಸಾಲಿನಲ್ಲಿರುವ ಎರಡು ಅಕ್ಷರ ಕತ್ತಲಾಗುತ್ತವೆ. ಹೃದಯಕ್ಕೆ ಸಾಮಾನ್ಯವಾಗಿ ಬೇರೆ ಡಬ್ಬಿ. ಹಾಗಾಗಿ ಪ್ರೀತಿ ಉರಿಯುತ್ತಲೇ ಇರುತ್ತದೆ, ಯಾವ ಊರಿನ ಮೇಲೆ ಎಂಬುದು ಮಾತ್ರ ಓದಲಾಗುವುದಿಲ್ಲ.

ಸಂಗೀತ ಕಾರಂಜಿಯದೂ ಇದೇ ಜಾತಕ. ಎಲ್ಲಿಯ ಮಾದರಿ ತಂದರೂ ಕೆಡುವುದು ಸಂಗೀತವಲ್ಲ, ನಾಝಲ್ಲು. ಗಡಸು ನೀರಿನ ಸುಣ್ಣ ಅದರ ಬಾಯಲ್ಲಿ ಕಟ್ಟಿಕೊಳ್ಳುತ್ತದೆ, ಪಾಚಿ, ಎಲೆಚೂರು ಸೇರಿಕೊಳ್ಳುತ್ತವೆ. ತೂತು ಅರ್ಧ ಮುಚ್ಚಿದರೆ ನೀರು ನೇರ ಏಳುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ವಾಲಿದ ನೀರಿಗೆ ಬಣ್ಣದ ದೀಪ ಸಿಗುವುದಿಲ್ಲ, ಮೊದಲ ಸಾಲಿನಲ್ಲಿ ಕೂತವರ ಅಂಗಿ ಸಿಗುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ತೊಳೆಯಬೇಕು, ಆಗಾಗ ನಾಝಲ್ಲನ್ನು ಆಮ್ಲದ ನೀರಲ್ಲಿ ನೆನೆಹಾಕಿ ಬ್ರಷ್ಷಿನಲ್ಲಿ ಉಜ್ಜಬೇಕು. ಉಜ್ಜುವ ಕೆಲಸಕ್ಕೆ ಶಂಕುಸ್ಥಾಪನೆ ಮಾಡಲು ಬರುವುದಿಲ್ಲವಾದ್ದರಿಂದ ಅದನ್ನು ಯಾರೂ ಮಂಜೂರು ಮಾಡುವುದಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಹೊಸ ಕಾರಂಜಿಯೇ ಮಂಜೂರಾಗುತ್ತದೆ.

ಗಾಜಿನ ಸೇತುವೆ ಬೇಕೆನ್ನುವವರು ಚೀನಾದ ಝಾಂಗ್‌ಜಿಯಾಜಿ ಕಡೆ ಬೆರಳು ತೋರಿಸುತ್ತಾರೆ. 430 ಮೀಟರ್ ಉದ್ದ, ಕೆಳಗೆ 300 ಮೀಟರ್ ಪ್ರಪಾತ. 2016ರ ಆಗಸ್ಟಿನಲ್ಲಿ ತೆರೆದರು, 13 ದಿನಕ್ಕೆ ಮುಚ್ಚಿದರು. ಗಾಜು ಒಡೆದಿರಲಿಲ್ಲ. ದಿನಕ್ಕೆ 8 ಸಾವಿರ ಜನಕ್ಕೆಂದು ಮಾಡಿದ್ದು, ಅದರ ಹತ್ತು ಪಟ್ಟು ಜನ ಬಂದರು. ಇದರಲ್ಲಿ ನಾವು ಕಲಿಯಬೇಕಾದ್ದು 'ದಿನಕ್ಕೆ ಇಷ್ಟೇ ಜನ' ಎಂಬ ಮೂರು ಪದದ ಲೆಕ್ಕ. ನಾವು ಕಲಿತು ಬರುವುದು ಗಾಜಿನ ರೇಟು.

ಲಂಡನ್ ಐ ಬಗ್ಗೆ ಇಷ್ಟು ಸಾಕು: 135 ಮೀಟರ್ ಎತ್ತರ, 32 ಕ್ಯಾಪ್ಸೂಲು, ಒಂದು ಸುತ್ತಿಗೆ ಅರ್ಧ ಗಂಟೆ. ಎಷ್ಟು ನಿಧಾನವೆಂದರೆ ಜನ ಹತ್ತಿಳಿಯಲು ಸಾಮಾನ್ಯವಾಗಿ ಅದನ್ನು ನಿಲ್ಲಿಸುವುದೇ ಇಲ್ಲ. ಕ್ಯಾಪ್ಸೂಲಿನ ನಂಬರು ಮಾತ್ರ 33ರ ತನಕ ಇದೆ; 13 ಅಪಶಕುನವೆಂದು ಬಿಟ್ಟಿದ್ದಾರೆ. ರಾಹುಕಾಲ ನೋಡಿ ಗುದ್ದಲಿಪೂಜೆ ಮಾಡುವ ನಮಗೆ ಈ ಒಂದು ವಿಷಯದಲ್ಲಿ ತಂತ್ರಜ್ಞಾನ ವರ್ಗಾವಣೆ ಬೇಕಿಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ರಜೆ, ಮೈಸೂರಿನ ಮೃಗಾಲಯವೂ ಮಂಗಳವಾರ ರಜೆ. ಅಷ್ಟರಮಟ್ಟಿಗೆ ವಿಶ್ವದರ್ಜೆ ಆಗಲೇ ಬಂದು ಕೂತಿದೆ.

ಪ್ರತಿಮೆ ಬೇಕೇ ಬೇಕು ಎನ್ನುವವರು ಸಿಂಗಾಪುರದ ಮೆರ್ಲಯನ್ ನೋಡಬೇಕು. ಸಿಂಹದ ತಲೆ, ಮೀನಿನ ಬಾಲ. ಪ್ರವಾಸೋದ್ಯಮ ಮಂಡಳಿಯ ಲಾಂಛನವಾಗಿ 1964ರಲ್ಲಿ ಹುಟ್ಟಿದ ಪ್ರಾಣಿ ಅದು. 1972ರಲ್ಲಿ ನಿಲ್ಲಿಸಿದ ಪ್ರತಿಮೆಯ ಎತ್ತರ 8.6 ಮೀಟರ್, ಅಂದರೆ 28 ಅಡಿ. ಅಷ್ಟರಲ್ಲೇ ಜಗತ್ತು ಗುರುತಿಸುತ್ತದೆ. ಮುಂದೆ ಸೇತುವೆ ಬಂದು ಅದು ಮರೆಯಾದಾಗ, 2002ರಲ್ಲಿ ಪ್ರತಿಮೆಯನ್ನೇ 120 ಮೀಟರ್ ಆಚೆ ಸರಿಸಿದರು. ನಮ್ಮ ಸರ್ಕಲ್ಲಿನ ಪ್ರತಿಮೆಗೆ ಅಡ್ಡ ಬರುವುದು ಹುಟ್ಟುಹಬ್ಬದ ಫ್ಲೆಕ್ಸು. ಅದನ್ನು ಹತ್ತು ಅಡಿ ಸರಿಸಲೂ ಗಂಡಸಿಲ್ಲ. ಅಂದಹಾಗೆ ವಿಚಿತ್ರ ಪ್ರಾಣಿಯನ್ನು ಹೊಸದಾಗಿ ಹುಟ್ಟಿಸುವ ಖರ್ಚು ಮೈಸೂರಿಗಿಲ್ಲ. ಎರಡು ತಲೆಯ ಗಂಡಭೇರುಂಡ ಅರಮನೆ ಕಾಲದಿಂದ ಹಾಜರಿದೆ.

ನಕಲು ಮಾಡುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಮೈಸೂರು ಸೊಗಸಾಗಿ ನಕಲು ಮಾಡಿದ ಊರು. ಸಂತ ಫಿಲೋಮಿನಾ ಚರ್ಚು ಜರ್ಮನಿಯ ಕಲೋನ್ ಚರ್ಚನ್ನು ನೋಡಿ ಕಟ್ಟಿದ್ದು. ಮೂಲದ ಗೋಪುರ 157 ಮೀಟರ್, ನಮ್ಮದು 175 ಅಡಿ, ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ಕಲೋನಿನವರು 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದರು, ನಮ್ಮವರಿಗೆ ಕೆಲವೇ ವರ್ಷ ಸಾಕಾಯಿತು. 1921ರ ಲಲಿತಮಹಲಿನ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ನೆನಪಿಸುತ್ತದೆ. ಬೃಂದಾವನವೇ ಕಾಶ್ಮೀರದ ಶಾಲಿಮಾರ್ ಮಾದರಿ. ದಿವಾನ್ ಮಿರ್ಜಾ ಇಸ್ಮಾಯಿಲರ ಕನಸಿಗೆ ಗಿಡ ನೆಟ್ಟು ಪಾತಿ ಮಾಡಿದ್ದು ಜರ್ಮನಿಯ ಕ್ರುಂಬಿಗೆಲ್. ಆಗ ದಿವಾನರು ಬೆಳಗ್ಗೆ ಸವಾರಿ ಹೊರಟು ಚರಂಡಿ, ಗಿಡದ ಪಾತಿ ನೋಡುತ್ತಿದ್ದರು ಎಂದು ಹಳೇ ಮೈಸೂರಿನವರು ಈಗಲೂ ಹೇಳುತ್ತಾರೆ. ಈಗ ನೋಡುವುದು ತ್ರೀಡಿ ವಿಡಿಯೋ. ಅದರಲ್ಲಿ ಆಕಾಶ ಸದಾ ನೀಲಿ, ಹುಲ್ಲಿನ ಮೇಲೆ ಓಡಾಡುವವರೆಲ್ಲ ಬಿಳಿಯರು, ಒಂದು ಚುರುಮುರಿ ಗಾಡಿಯೂ ಇಲ್ಲ. ಪಾಂಡವಪುರದಿಂದ ಮೂರು ಮಕ್ಕಳನ್ನೂ ಬುತ್ತಿಯನ್ನೂ ಹೊತ್ತು ಬಂದ ಸಂಸಾರ ಅನ್ನ ಬಿಚ್ಚಿ ಕೂರುವ ಜಾಗ ಆ ವಿಡಿಯೋದಲ್ಲಿ ಎಲ್ಲೂ ಕಾಣುವುದಿಲ್ಲ.

ಇಷ್ಟರ ನಡುವೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡಿನ ಜೊತೆಗೆ ಸೋಮನಾಥಪುರವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ನಿಜವಾದ ವಿಶ್ವದರ್ಜೆ, ಸರ್ಟಿಫಿಕೇಟು ಸಮೇತ, ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಬೆಟ್ಟ, ಶ್ರೀರಂಗಪಟ್ಟಣ, ಬೃಂದಾವನ ಎಲ್ಲ ಮುಗಿಸಿಕೊಡುವ ಪ್ಯಾಕೇಜು ಗಾಡಿಗಳಿಗೆ ಅಲ್ಲಿಗೆ ಹೋಗಲು ಪುರುಸೊತ್ತಿಲ್ಲ. ರೇಷ್ಮೆ ಸೀರೆ, ಗಂಧದ ಕೊರಡಿನ ಅಂಗಡಿ ಮುಂದೆ ನಲವತ್ತು ನಿಮಿಷ ನಿಲ್ಲಿಸಬೇಕಲ್ಲ!

ಹೋಗುವುದಾದರೆ ಬನ್ನೂರಿನ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿಯಿರಿ. ದೇವಾಲಯ ಹದಿಮೂರನೇ ಶತಮಾನದ್ದು, ಮೂರು ಗರ್ಭಗುಡಿ, ಬಳಪದ ಕಲ್ಲು. ಮಧ್ಯಾಹ್ನ ಬೇಡ, ಬೆಳಗ್ಗೆ ಹೋಗಿ. ಓರೆಬಿಸಿಲು ಬಿದ್ದರೆ ಹೊರಗೋಡೆಯ ಆನೆ ಸಾಲು ನಡೆಯುತ್ತಿರುವಂತೆ ಕಾಣುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದರೆ ಎಲ್ಲ ಚಪ್ಪಟೆ. ಮೂರ್ತಿಗಳ ಬುಡದಲ್ಲಿ ಮಲ್ಲಿತಮ್ಮ ಎಂಬ ರೂವಾರಿಯ ಸಹಿ ಹುಡುಕಿ, ಒಂದಲ್ಲ ಹಲವು ಕಡೆ ಇದೆ. ಒಳಗೆ ಹೋಗಿ ಕಣ್ಣಿಗೆ ಕತ್ತಲು ಒಗ್ಗುವ ತನಕ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ತಲೆ ಎತ್ತಿ. ಒಂದು ಅಂಕಣದ ಮೇಲ್ಛಾವಣಿಯಂತೆ ಇನ್ನೊಂದಿಲ್ಲ. ಬಾಳೆಹೂವು ಪದರ ಬಿಚ್ಚಿ ಕೆಳಮುಖವಾಗಿ ನೇತಾಡುವ ಅಂಕಣವೊಂದಿದೆ, ಅದನ್ನು ನೋಡುವಾಗ ಕತ್ತು ನೋಯುತ್ತದೆ, ಕಂಬಕ್ಕೆ ಒರಗಿಕೊಳ್ಳಬೇಡಿ. ಅಂಗಳದಲ್ಲಿ 'ಐ ಲವ್' ಅಕ್ಷರ ನಿಲ್ಲಿಸುವ ಪ್ರಸ್ತಾವ ಯಾರಾದರೂ ಇಡುವುದರೊಳಗೆ ಒಂದು ಸಲ ಹೋಗಿ ಬಂದುಬಿಡಿ.