ಉಪದ್ರ ಕೊಡದ ಮಕ್ಕಳು

‘ನಮ್ಮ ಹುಡುಗ ಪಾಪ ಸರ್, ತನ್ನ ಪಾಡಿಗೆ ತಾನಿರುತ್ತಾನೆ. ಇಷ್ಟರವರೆಗೆ ನಮಗೆ ಒಂದು ಉಪದ್ರ ಕೊಟ್ಟವನಲ್ಲ.’

ಪೋಷಕರ ಸಭೆಯಲ್ಲಿ ಹೆತ್ತವರು ಹೀಗೆ ಹೆಮ್ಮೆಯಿಂದ ಹೇಳುವಾಗ ನನಗೆ ಒಳಗೊಳಗೇ ಕಸಿವಿಸಿ. ಮಂಗಳೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಗಲಾಟೆಯವರ ಚಿಂತೆ ಕಡಿಮೆ, ಈ ಪಾಪದವರದ್ದೇ ಹೆಚ್ಚು.

ಮಗು ಮತ್ತು ಅದನ್ನು ಸಾಕುವವರ ನಡುವಿನ ಬಾಂಧವ್ಯದ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಸಿದ್ಧಾಂತ ಕಟ್ಟಿದರು. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅದನ್ನು ಕಣ್ಣಾರೆ ನೋಡಲು ಒಂದು ಪ್ರಯೋಗ ಹೂಡಿದರು. ವರ್ಷದ ಮಗುವನ್ನು ಗುರುತಿಲ್ಲದ ಕೋಣೆಯಲ್ಲಿ ಬಿಟ್ಟು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ. ಕೆಲವು ಮಕ್ಕಳು ಅತ್ತರೂ ತಾಯಿ ಬಂದೊಡನೆ ಸಮಾಧಾನಗೊಂಡು ಆಟಕ್ಕೆ ಮರಳುತ್ತವೆ. ಕೆಲವು ಎತ್ತಿಕೊಂಡರೂ ರಚ್ಚೆ ಬಿಡುವುದಿಲ್ಲ. ಇನ್ನು ಕೆಲವು ಅಳುವುದೇ ಅಪರೂಪ; ತಾಯಿ ಮರಳಿದರೆ ಮುಖ ತಿರುಗಿಸಿ ಆಟಿಕೆ ಹಿಡಿದು ಕೂರುತ್ತವೆ. ನಮ್ಮ ಕಡೆ ‘ಎಷ್ಟು ಒಳ್ಳೆಯ ಮಗು’ ಎಂಬ ಸರ್ಟಿಫಿಕೇಟ್ ಸಿಗುವುದು ಈ ಮೂರನೆಯದಕ್ಕೆ. ಮುಂದೆ ಸಂಶೋಧಕರು ಅಂಥ ಮಕ್ಕಳ ಎದೆಬಡಿತ ಅಳೆದರೆ ಅದೂ ಏರಿಯೇ ಇತ್ತು; ಅಳದಿದ್ದರೂ ಒಳಗೆ ಕಳವಳವಿತ್ತು. 1987ರಲ್ಲಿ ಮನೋವಿಜ್ಞಾನಿಗಳಾದ ಹೇಜನ್ ಮತ್ತು ಶೇವರ್ ದೊಡ್ಡವರ ಪ್ರೇಮದಲ್ಲೂ ಇವೇ ಮೂರು ಬಗೆಗಳನ್ನು ಗುರುತಿಸಿದರು.

ನನ್ನ ಅಂತಿಮ ಬಿ.ಕಾಂ. ತರಗತಿಯಲ್ಲಿ ಗುರುತಿಸಲು ಪ್ರಯೋಗಾಲಯ ಬೇಕಿಲ್ಲ, ‘ಮುಂದೇನು?’ ಎಂದರೆ ಸಾಕು. ಒಬ್ಬಳು ಸಿಎ ಮಾಡಲೇ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾಳೆ, ಯಾರ ಉತ್ತರವೂ ಸಂಜೆಯವರೆಗೆ ಬಾಳುವುದಿಲ್ಲ. ಮತ್ತೊಬ್ಬ, ‘ದುಬೈಗೆ ಹೋಗುತ್ತೇನೆ ಸರ್.’ ಯಾರನ್ನಾದರೂ ವಿಚಾರಿಸಿದೆಯಾ? ‘ಇಲ್ಲ ಸರ್. ಸುಮ್ಮನೆ ಅವರಿಗೇಕೆ ಉಪದ್ರ?’ ಅವನ ಸ್ವಂತ ಮಾವ ಶಾರ್ಜಾದಲ್ಲಿದ್ದಾರೆ!

ತಂದೆ ಗಲ್ಫಿನಲ್ಲಿದ್ದರೆ ಮಕ್ಕಳು ಹೀಗಾಗುತ್ತಾರೆ ಎಂದು ಷರಾ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮುಂಬಯಿ ಹೋಟೆಲು, ಹಡಗು, ಗಲ್ಫ್ ಎಂದು ಗಂಡಸರು ಊರು ಬಿಟ್ಟ ಕರಾವಳಿಯಲ್ಲಿ ಅಜ್ಜಿಯರು, ಚಿಕ್ಕಮ್ಮಂದಿರು, ಸೋದರಮಾವಂದಿರು ತಲೆಮಾರುಗಳನ್ನೇ ಬೆಳೆಸಿದ್ದಾರೆ. ಅತ್ತಾಗ ಯಾರೋ ಒಬ್ಬರು ಬರುತ್ತಾರೆಂಬ ಭರವಸೆ ಮಗುವಿಗಿರಬೇಕು, ಅಷ್ಟೆ. ಇಲ್ಲೇ ಮಂಗಳೂರಿನ ಬಿಜೈಯ ಮನೆಯಲ್ಲೇ ಇದ್ದು ‘ಇಷ್ಟಕ್ಕೆಲ್ಲ ಅಳುವುದಾ?’ ಎಂದು ಪೇಪರ್ ಮಗುಚುವ ತಂದೆಯೂ ದೂರದವನೇ. ಬಾಲ್ಯದ ಬಗೆ ಹಣೆಬರಹವೂ ಅಲ್ಲ. ಒಳ್ಳೆಯ ಗೆಳೆತನ, ದಾಂಪತ್ಯ, ಆಪ್ತಸಮಾಲೋಚನೆ ಅದನ್ನು ಬದಲಿಸಬಲ್ಲವು.

ಆದರೆ ಆಪ್ತಸಮಾಲೋಚನೆಯ ಕೋಣೆಯನ್ನು ನಾವು ಇಟ್ಟಿರುವುದು ಹೇಗೆ? ನಾನು ಬಲ್ಲ ಕಾಲೇಜೊಂದರಲ್ಲಿ ಅದು ಪ್ರಾಂಶುಪಾಲರ ಕೊಠಡಿಯ ಎದುರಿಗಿದೆ. ಹೊರಗೆ ರಿಜಿಸ್ಟರ್: ಹೆಸರು, ತರಗತಿ, ಕಾರಣ. ಕಾರಣ! ಶಾರ್ಜಾದ ಮಾವನಿಗೇ ಫೋನ್ ಮಾಡದವನು ಆ ಕಾಲಂ ತುಂಬುತ್ತಾನೆಯೇ? ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ರಿಜಿಸ್ಟರಿನ ಕಾಟವಿಲ್ಲ. ಆ ನಂಬರನ್ನು ತರಗತಿಯ ಗೋಡೆಗೆ ಅಂಟಿಸಿದ್ದೇನೆ.

ಕೇಳುವ ಅಭ್ಯಾಸವೇ ಇಲ್ಲದವರಿಗೆ ನಂಬರ್ ಕೊಟ್ಟರೂ ಸಾಲದು. ‘ಏನಾದರೂ ಸಮಸ್ಯೆಯಿದೆಯಾ?’ ಎಂದರೆ ‘ಏನಿಲ್ಲ ಸರ್’ ಎಂಬ ಉತ್ತರ ಸಿದ್ಧವಿರುತ್ತದೆ. ಹಾಗಾಗಿ ನಾನು ‘ಬಯೋಡೇಟಾ ತೆಗೆದುಕೊಂಡು ಬಾ, ಒಟ್ಟಿಗೆ ತಿದ್ದೋಣ’ ಎನ್ನುತ್ತೇನೆ. ಕೆಲಸದ ನೆಪವಿದ್ದರೆ ಇಂಥವರು ಬರುತ್ತಾರೆ, ಕೆಲವರು ಮಾತನ್ನೂ ಆಡುತ್ತಾರೆ. ಬೇರೆ ಕಾಲೇಜುಗಳ ಮೇಷ್ಟ್ರುಗಳು ಏನು ಮಾಡುತ್ತೀರಿ, ಬರೆಯಿರಿ.