‘ಬಾಯಿ ಜೋರು, ಮನಸ್ಸು ಒಳ್ಳೇದು’ ಅನ್ನೋ ಮಾತು

ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ನಮ್ಮ ಮ್ಯಾನೇಜರ್ ಮಾತುಮಾತಿಗೂ ಎಗರಾಡುತ್ತಿದ್ದರು. ಮೀಟಿಂಗಿನಲ್ಲಿ ಎಲ್ಲರೆದುರೇ ಪೇಪರ್ ಬಿಸಾಕುತ್ತಿದ್ದರು. ಊಟಕ್ಕೆ ಕೂತಾಗ ಸೀನಿಯರ್‌ಗಳು ಬೆನ್ನು ತಟ್ಟಿ ಹೇಳುತ್ತಿದ್ದದ್ದು ಒಂದೇ ಮಾತು: “ಅವ್ರದ್ದು ಬಾಯಿ ಜೋರು ಅಷ್ಟೇ, ಮನಸ್ಸು ಒಳ್ಳೇದು. ಹಚ್ಕೋಬೇಡ.” ನಾನು ನಂಬಿದೆ. ಮುಂದೆ ನನ್ನ ಜೂನಿಯರ್‌ಗಳಿಗೂ ಅದನ್ನೇ ಹೇಳಿದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಈಗ ಟೋಕಿಯೊದಲ್ಲಿ ಒಂಬತ್ತು ವರ್ಷ. ಭಾರತೀಯರು ಜಾಸ್ತಿ ಇರುವ ನಿಶಿಕಸಾಯಿಯಲ್ಲಿ ಮನೆ. ಬಂದ ಹೊಸದರಲ್ಲಿ ಇಲ್ಲಿನ ಆಫೀಸಿನ ಶಾಂತಿ ನೋಡಿ ಎಷ್ಟು ಹಾಯೆನಿಸಿತ್ತು! ಯಾರೂ ದನಿ ಏರಿಸುತ್ತಿರಲಿಲ್ಲ. ಕೂಗಾಟ ಇಲ್ಲ ಅಂದಮೇಲೆ ಕಿರುಕುಳವೂ ಇಲ್ಲ ಅಂದುಕೊಂಡಿದ್ದೆ.

ಇಲ್ಲಿ ಯಾರಾದರೂ ಪ್ರವಾಸಕ್ಕೆ ಹೋಗಿ ಬಂದರೆ ಒಂದು ಡಬ್ಬ ಸಿಹಿ ತರುತ್ತಾರೆ. ಕಾಗದದಲ್ಲಿ ಸುತ್ತಿದ ಬಿಸ್ಕತ್ತನ್ನು ಪ್ರತಿ ಮೇಜಿನ ಮೇಲೂ ಒಂದೊಂದು ಇಟ್ಟು ಹೋಗುತ್ತಾರೆ. ಒಂದು ಸಲ ನಮ್ಮ ಟೀಮ್ ಲೀಡರ್ ಹೊಕ್ಕೈಡೊದಿಂದ ಬಂದು ಡಬ್ಬ ಹಿಡಿದು ಸಾಲಾಗಿ ಹೊರಟರು. ನನ್ನ ಮೇಜಿಗೆ ಇಟ್ಟರು. ಪಕ್ಕದ ಮೇಜು ದಾಟಿದರು. ಅದರಾಚೆಯದಕ್ಕೆ ಇಟ್ಟರು. ಡಬ್ಬದಲ್ಲಿ ಇನ್ನೂ ಉಳಿದಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿಯ ಕಂಪ್ಯೂಟರ್ ಸ್ಕ್ರೀನ್ ಆಗಲೇ ಆರಿಹೋಗಿತ್ತು. ಅವರು ಆ ಕಪ್ಪು ಸ್ಕ್ರೀನನ್ನೇ ನೋಡುತ್ತಾ ಕೂತಿದ್ದರು.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಅವರಿಗೆ ಮೀಟಿಂಗಿನ ಮೇಲ್ ಬರುತ್ತಿರಲಿಲ್ಲ. ಒಳ್ಳೆ ಅನುಭವಸ್ಥರು, ಆದರೂ ದಿನವಿಡೀ ಹಳೇ ಫೈಲುಗಳ ಹೆಸರು ಬದಲಿಸುವ ಕೆಲಸ. ಒಂದು ದಿನವೂ ಯಾರೂ ಅವರನ್ನು ಬೈದಿರಲಿಲ್ಲ.

ಇದಕ್ಕೆ ಇಲ್ಲಿ ಒಂದು ಹೆಸರಿದೆ, ‘ಪವಹರ’. ಪವರ್ ಹರಾಸ್‌ಮೆಂಟ್, ಅಂದರೆ ಅಧಿಕಾರದ ಬಲದಿಂದ ಕಾಟ ಕೊಡುವುದು, ಅನ್ನುವುದನ್ನು ಜಪಾನಿಗಳು ಮೊಟಕು ಮಾಡಿಕೊಂಡಿದ್ದಾರೆ. 2000ದ ದಶಕದ ಶುರುವಿನಲ್ಲಿ ಹುಟ್ಟಿದ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 2019ರಲ್ಲಿ ಕಾನೂನಿಗೂ ಬಂತು. 2020ರ ಜೂನ್‌ನಿಂದ ದೊಡ್ಡ ಕಂಪನಿಗಳಿಗೆ, 2022ರ ಏಪ್ರಿಲ್‌ನಿಂದ ಸಣ್ಣವಕ್ಕೂ ಅದನ್ನು ತಡೆಯುವ ಕ್ರಮ ಕಡ್ಡಾಯ. ಸರ್ಕಾರದ ಮಾರ್ಗಸೂಚಿಯಲ್ಲಿ ಆರು ಬಗೆ ಹೇಳಿದ್ದಾರೆ. ಹೊಡೆಯುವುದು, ಬೈಯುವುದು ಸರಿ, ಅದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಒಬ್ಬರನ್ನು ಗುಂಪಿನಿಂದ ದೂರ ಇಡುವುದು, ಆಗದಷ್ಟು ಕೆಲಸ ಹೇರುವುದು, ಬೇಕೆಂದೇ ಕೆಲಸ ಕೊಡದಿರುವುದು, ಮನೆ ವಿಚಾರದಲ್ಲಿ ಮೂಗು ತೂರಿಸುವುದು, ಇವೂ ಅದರಲ್ಲಿವೆ. ಓದಿದಾಗ ನನಗೆ ಆ ಬಿಸ್ಕತ್ತಿನ ಡಬ್ಬ ನೆನಪಾಯಿತು.

ತಪ್ಪು ಮಾಡಿದವರನ್ನು ಕೇಳಲೇಬಾರದು ಅಂತ ಆ ಮಾರ್ಗಸೂಚಿ ಹೇಳುವುದಿಲ್ಲ. ಎಷ್ಟು ಹೇಳಿದರೂ ತಡವಾಗಿ ಬರುವವರಿಗೆ ಖಡಕ್ಕಾಗಿ ಎಚ್ಚರಿಕೆ ಕೊಡಬಹುದು. ಅದೇ ನೀನು ಕೆಲಸಕ್ಕೆ ಬಾರದವನು ಅಂತ ಹೀಯಾಳಿಸಿ ಹತ್ತು ಜನಕ್ಕೂ ಹೋಗುವಂತೆ ಮೇಲ್ ಬರೆದರೆ ಅದು ಪವಹರ. ಈ ಗೆರೆ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನಮ್ಮ ಕಡೆ ‘ಬುದ್ಧಿ ಹೇಳಿದೆ’ ಅನ್ನುವ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಿಬಿಡುತ್ತೇವೆ, ಅಲ್ವಾ?

ಕಾನೂನು ಬಂದ ಮಾತ್ರಕ್ಕೆ ಇಲ್ಲಿ ಎಲ್ಲ ಸರಿಹೋಗಿಲ್ಲ. ಕಾಟ ಕೊಟ್ಟವರಿಗೆ ಆ ಕಾಯ್ದೆಯಲ್ಲಿ ನೇರ ಶಿಕ್ಷೆ ಇಲ್ಲ. ದೂರು ಕೇಳಲು ಕಂಪನಿಯೇ ಒಂದು ವ್ಯವಸ್ಥೆ ಮಾಡಬೇಕು, ದೂರು ಕೊಟ್ಟವರಿಗೆ ತೊಂದರೆ ಮಾಡಬಾರದು. ಅಲ್ಲಿ ಆಗದಿದ್ದರೆ ಸರ್ಕಾರದ ಕಾರ್ಮಿಕ ಇಲಾಖೆಯ ಸಲಹಾ ಕೇಂದ್ರಗಳಿವೆ, ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಆದರೆ ದಿನಾ ಕೂಗಾಡಿ ಮರ್ಯಾದೆ ತೆಗೆಯುವ ಬಾಸ್‌ಗೆ ಅಂಥದ್ದೊಂದು ಪ್ರತ್ಯೇಕ ಕಾಯ್ದೆ ಇಲ್ಲ.

ನಮ್ಮವರಲ್ಲಿ ಒಂದು ಒಳ್ಳೆಯ ಗುಣ ಇದೆ, ಅದನ್ನೂ ಹೇಳಬೇಕು. ಬೆಂಗಳೂರಲ್ಲಿ ನಾನು ಬೈಸಿಕೊಂಡ ದಿನ ನಾಲ್ಕು ಜನ ಟೀಗೆ ಕರೆದುಕೊಂಡು ಹೋಗಿದ್ದರು. ಇಲ್ಲಿ ಪಕ್ಕದ ಮೇಜಿನ ಆ ಹೆಂಗಸಿನ ಹತ್ತಿರ ಯಾರೂ ಹೋಗಲಿಲ್ಲ. ನಾನೂ ಹೋಗಲು ಎರಡು ವಾರ ತೆಗೆದುಕೊಂಡೆ. ಕೊನೆಗೆ ಒಂದು ದಿನ ಊಟಕ್ಕೆ ಜೊತೆಗೆ ಹೋದೆ. ಅವರು ಬ್ಯಾಗಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ತಾರೀಖು, ಹೊತ್ತು, ಏನಾಯಿತು, ಎದುರಿಗೆ ಯಾರಿದ್ದರು, ಎಲ್ಲ ಬರೆದಿಟ್ಟಿದ್ದರು. ‘ಬೇಜಾರಾಯಿತು’ ಅಂತ ಎಲ್ಲೂ ಬರೆದಿರಲಿಲ್ಲ. ನಡೆದದ್ದು ಮಾತ್ರ. ಬಿಸ್ಕತ್ತಿನ ದಿನವೂ ಇತ್ತು, ಪಕ್ಕದಲ್ಲಿ ನನ್ನ ಹೆಸರು. ಅದನ್ನು ಹಿಡಿದೇ ಅವರು ದೂರು ಕೊಟ್ಟರು. ನನ್ನನ್ನು ಕರೆದು ಕೇಳಿದಾಗ ನಾನು ಕಂಡದ್ದನ್ನು ಹೇಳಿದೆ. ಅವರಿಗೆ ಬೇರೆ ಟೀಮ್ ಸಿಕ್ಕಿತು.

ಮೊನ್ನೆ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಅವನ ಬಾಸ್ ಎಲ್ಲರೆದುರು “ದನ ಕಾಯೋಕೆ ಹೋಗು” ಅಂದರಂತೆ. ಮೊದಲನೇ ಸಲ ಏನಲ್ಲ. “ಹೋಗ್ಲಿ ಬಿಡೋ, ಅವ್ರದ್ದು ಬಾಯಿ ಜೋರು ಅಷ್ಟೇ” ಅಂತ ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ನಾನು ತಿರುಗಿ ಕೂಗಾಡಬೇಡ ಅಂದೆ. ಸುಮ್ನೆ ನುಂಗಿಕೊಳ್ಳಲೂಬೇಡ, ಕೆಲಸದಲ್ಲಿ ಯಾವುದು ತಪ್ಪಾಗಿದೆ ಅಂತ ಮೇಲ್‌ನಲ್ಲೇ ಕೇಳು, ಅಂದದ್ದನ್ನೆಲ್ಲ ಬರೆದಿಡು, ಅಲ್ಲಿದ್ದವರ ಹತ್ತಿರ ಮಾತಾಡು ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, “ಯಾವತ್ತಿಂದ ಬರೀಲಿ ಮಾಮ?”

“ಮೊದಲನೇ ಸಲ ಅಂದ್ರಲ್ಲ, ಆವತ್ತಿಂದ.”